ನೀರು ಕೊಟ್ಟವರ ಚರಿತ್ರೆ

1978ರ ಫೆಬ್ರವರಿ 18ರ ಬೆಳಿಗ್ಗೆ ಹವಾಯಿಯ ಒವಾಹು ದ್ವೀಪದಲ್ಲಿ 15 ಗಂಡಸರು ಸಮುದ್ರಕ್ಕಿಳಿದರು. ಮೊದಲು 3.8 ಕಿ.ಮೀ. ಈಜು, ನೀರಿನಿಂದ ಮೇಲೆ ಬಂದೊಡನೆ 180 ಕಿ.ಮೀ. ಸೈಕಲ್, ಸೈಕಲ್ ಇಳಿದೊಡನೆ 42.2 ಕಿ.ಮೀ. ಓಟ. ಈಜುಗಾರ ಗಟ್ಟಿಯೋ, ಓಟಗಾರ ಗಟ್ಟಿಯೋ, ಸೈಕಲ್ ಸವಾರ ಗಟ್ಟಿಯೋ ಎಂದು ಹಿಂದಿನ ವರ್ಷ ಒಂದು ಓಟದ ಬಹುಮಾನ ವಿತರಣೆಯ ಹೊತ್ತಿಗೆ ಎದ್ದ ವಾದವೇ ಇದಕ್ಕೆ ಮೂಲ. ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್ ಮತ್ತು ಅವರ ಪತ್ನಿ ಜೂಡಿ ದ್ವೀಪದಲ್ಲಿ ಆಗಲೇ ನಡೆಯುತ್ತಿದ್ದ ಮೂರು ಸ್ಪರ್ಧೆಗಳ ದೂರಗಳನ್ನು ಒಂದಕ್ಕೊಂದು ಗಂಟು ಹಾಕಿ, ಅದಕ್ಕೆ ‘ಐರನ್ ಮ್ಯಾನ್’ ಎಂದು ಹೆಸರಿಟ್ಟರು.

ಅಂದು ದಾರಿಯಲ್ಲಿ ಸಂಘಟಕರ ಕಡೆಯಿಂದ ನೀರಿನ ಏರ್ಪಾಡು ಇರಲಿಲ್ಲ. ನೋಡಿಕೊಳ್ಳುವ ಜನರನ್ನು ಸ್ಪರ್ಧಿಯೇ ಕರೆತರಬೇಕಿತ್ತು. ಗೆಳೆಯರೋ ಮನೆಯವರೋ ವಾಹನದಲ್ಲಿ ನೀರು, ಹಣ್ಣು ತುಂಬಿಕೊಂಡು ದ್ವೀಪದ ಸುತ್ತ ಹಿಂದೆ ಮುಂದೆ ಓಡಾಡಿದರು. ಆ ಏರ್ಪಾಡು ಎಷ್ಟು ನಾಜೂಕಿನದು ಎಂಬುದು ಸಂಜೆಯ ಹೊತ್ತಿಗೆ ಗೊತ್ತಾಯಿತು. ಸೈಕಲ್ ಮುಗಿಸಿದಾಗ ಎಲ್ಲರಿಗಿಂತ ಮುಂದಿದ್ದವರು ನೌಕಾಪಡೆಯ ಯೋಧ ಜಾನ್ ಡನ್ಬರ್. ಮ್ಯಾರಥಾನಿನ ನಡುವೆ ಅವರ ಜೊತೆಗಾರರ ಬಳಿ ನೀರು ಮುಗಿದುಹೋಯಿತು. ಉಳಿದಿದ್ದದ್ದು ಬಿಯರ್; ಅದನ್ನೇ ಕೊಟ್ಟರು. ಡನ್ಬರ್ ತೂರಾಡತೊಡಗಿದರು. ಗಾರ್ಡನ್ ಹಾಲರ್ ಅವರನ್ನು ಹಿಂದಿಕ್ಕಿ 11 ಗಂಟೆ 46 ನಿಮಿಷ 58 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಡನ್ಬರ್ ಬಂದದ್ದು ಅರ್ಧ ಗಂಟೆಗೂ ಹೆಚ್ಚು ತಡವಾಗಿ. ಓಟ ಮುಗಿಸಿದವರು ಒಟ್ಟು 12 ಮಂದಿ.

ಈ ಕ್ರೀಡೆಯ ಚರಿತ್ರೆಯನ್ನು ಸಾಮಾನ್ಯವಾಗಿ ಗೆದ್ದವರ ಗಂಟೆ ನಿಮಿಷಗಳಲ್ಲಿ ಬರೆಯುತ್ತಾರೆ. ಆದರೆ ಆ ಮೊದಲ ದಿನವೇ ಫಲಿತಾಂಶವನ್ನು ತಿರುಗಿಸಿದ್ದರಲ್ಲಿ ಖಾಲಿಯಾದ ಒಂದು ನೀರಿನ ಡಬ್ಬಿಯ ಪಾಲೂ ಇತ್ತು. ಹಾಗಾಗಿ ನೀರು ಕೊಟ್ಟವರ ಕಡೆಯಿಂದಲೂ ಇದನ್ನು ಹೇಳಬೇಕು. ಹದಿನೈದು ಜನರ ಹಟವನ್ನು ಒಂದು ಊರಿನ ಹಬ್ಬವಾಗಿಸಿದವರು ಅವರೇ.

1979ರಲ್ಲಿ ಹಣಾಹಣಿಗೆ ಇಳಿದವರು ಮತ್ತೆ ಹದಿನೈದೇ ಜನ. ಅವರಲ್ಲಿ ಲಿನ್ ಲೆಮೇರ್ ಮೊದಲ ಮಹಿಳೆ. ಒಟ್ಟಾರೆ ಐದನೆಯವರಾಗಿ ಬಂದರು. ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯಲ್ಲಿ ದೀರ್ಘ ಲೇಖನ ಬಂತು, ಮರುವರ್ಷ ಎಬಿಸಿ ಟಿ.ವಿ.ಯ ಕ್ಯಾಮೆರಾ ಬಂತು, ಸ್ಪರ್ಧಿಗಳ ಸಂಖ್ಯೆ ನೂರು ದಾಟಿತು. ನೂರು ಜನ, ಅವರ ಹಿಂದೆ ಅವರವರ ವಾಹನ, ಅದರ ಮೇಲೆ ಹೊನೊಲುಲು ನಗರದ ಮಾಮೂಲಿ ಸಂಚಾರ. ಇದು ನಡೆಯುವ ಮಾತಲ್ಲ ಎಂದು ಕಂಡುಕೊಂಡವರು ಆಗ ಸ್ಪರ್ಧೆಯ ಹೊಣೆ ಹೊತ್ತಿದ್ದ ವ್ಯಾಲರಿ ಸಿಲ್ಕ್. 1981ರಲ್ಲಿ ಅವರು ಇಡೀ ಸ್ಪರ್ಧೆಯನ್ನು ಹವಾಯಿಯ ದೊಡ್ಡ ದ್ವೀಪದ ಕೈಲುವಾ-ಕೋನಾ ಊರಿಗೆ ಸಾಗಿಸಿದರು.

ಕೋನಾದಲ್ಲಿ ವಾಹನ ದಟ್ಟಣೆಯ ತಲೆನೋವು ಕಡಿಮೆ, ಆದರೆ ನೆರಳೂ ಕಡಿಮೆ. ಹೆದ್ದಾರಿಯ ಇಕ್ಕೆಲದಲ್ಲೂ ಜ್ವಾಲಾಮುಖಿ ಉಗುಳಿದ ಕರಿಕಲ್ಲಿನ ಬಯಲು. ಬಿಸಿಲು ಮೇಲಿಂದಲೂ ಬರುತ್ತದೆ, ನೆಲದಿಂದಲೂ ಬರುತ್ತದೆ. ಉತ್ತರದ ಹಾವಿ ಊರಿನ ಕಡೆಗೆ ಹೋಗುವಾಗ ಅಡ್ಡಗಾಳಿ ಸೈಕಲನ್ನೇ ಪಕ್ಕಕ್ಕೆ ತಳ್ಳುತ್ತದೆ. ಅಂಥ ದಾರಿಯಲ್ಲಿ ನೂರಾರು ಜನರಿಗೆ ಗೆಳೆಯರ ವಾಹನ ಸಾಲುವಂತಿರಲಿಲ್ಲ. ರಸ್ತೆಯುದ್ದಕ್ಕೂ ಮೇಜು ಹಾಕಿ, ಐಸ್ ಪೆಟ್ಟಿಗೆ ಇಟ್ಟು, ಯಾರೆಂದು ಕೇಳದೆ ಬಂದವರಿಗೆಲ್ಲ ನೀರು ಕೊಡುವ ಅರವಟಿಗೆಗಳೇ ಬೇಕಾದವು. ಅಲ್ಲಿ ನಿಂತವರು ಊರಿನವರು. ಅದುವರೆಗೆ ಒಬ್ಬನ ಗೆಳೆಯನಾಗಿದ್ದವನು ಎಲ್ಲರ ಸ್ವಯಂಸೇವಕನಾದ.

ಅವರ ತಾಳ್ಮೆಗೆ ಅದೇ ವರ್ಷ ಪರೀಕ್ಷೆ ಬಂತು. 73 ವರ್ಷದ ವಾಲ್ಟ್ ಸ್ಟ್ಯಾಕ್ ಸ್ಪರ್ಧೆ ಮುಗಿಸಲು ತೆಗೆದುಕೊಂಡದ್ದು 26 ಗಂಟೆ 20 ನಿಮಿಷ. ಹಿಂದಿನ ದಿನ ಬೆಳಿಗ್ಗೆ ಈಜಲು ಇಳಿದವರು ಮರುದಿನ ಬೆಳಿಗ್ಗೆ ಗೆರೆ ದಾಟಿದರು. ಮುಂದೆ 17 ಗಂಟೆಯ ಗಡುವು ಬಂದದ್ದರಿಂದ ಅತಿ ನಿಧಾನದ ಆ ದಾಖಲೆಯನ್ನು ಇನ್ನಾರೂ ಮುರಿಯುವಂತಿಲ್ಲ.

ಆಮೇಲೆ 1982ರ ಫೆಬ್ರವರಿ. ವ್ಯಾಯಾಮ ವಿಜ್ಞಾನದ ತನ್ನ ಪ್ರಬಂಧಕ್ಕೆಂದು ಸ್ಪರ್ಧೆಗೆ ಇಳಿದಿದ್ದ ಜೂಲಿ ಮಾಸ್ ಎಂಬ ಕಾಲೇಜು ಹುಡುಗಿ ಮಹಿಳೆಯರಲ್ಲಿ ಮೊದಲಿಗಳಾಗಿ ಬರುತ್ತಿದ್ದಳು. ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದಾಗ ಕಾಲು ಸೋತಿತು. ಬಿದ್ದಳು, ಎದ್ದಳು, ಮತ್ತೆ ಬಿದ್ದಳು. ಎತ್ತಿ ನಿಲ್ಲಿಸಲು ಚಾಚಿದ ಕೈಗಳಿಂದ ಬಿಡಿಸಿಕೊಂಡಳು, ಏಕೆಂದರೆ ಹೊರಗಿನ ನೆರವು ಪಡೆದರೆ ಸ್ಪರ್ಧೆಯಿಂದಲೇ ಹೊರಬೀಳುವ ಭಯ. ಅಷ್ಟರಲ್ಲಿ ಕ್ಯಾಥ್ಲೀನ್ ಮೆಕಾರ್ಟ್ನಿ ಮುಂದೆ ಸಾಗಿ ಗೆದ್ದಳು. ಜೂಲಿ ಅಂಬೆಗಾಲಿಟ್ಟು ಗೆರೆ ಮುಟ್ಟಿದ್ದು 29 ಸೆಕೆಂಡು ತಡವಾಗಿ. ಆ ದೃಶ್ಯವನ್ನು ಟಿ.ವಿ.ಯಲ್ಲಿ ಕಂಡ ಎಷ್ಟೋ ಜನ ಈ ಕ್ರೀಡೆಗೆ ಬಂದರು. ನೋಡಬೇಕಾದದ್ದು ಇನ್ನೊಂದಿದೆ: ಸುತ್ತ ನಿಂತವರ ಕೈ ಕಟ್ಟಿತ್ತು, ಬಾಯಿ ಕಟ್ಟಿರಲಿಲ್ಲ. ಮುಟ್ಟುವಂತಿಲ್ಲ, ಆದರೆ ಕೂಗಬಹುದು.

ಈಜು, ಸೈಕಲ್, ಓಟ ಮೂರೂ ಸೇರಿದ ಈ ಕ್ರೀಡೆಗೆ ಟ್ರಯಥ್ಲಾನ್ ಎಂದು ಹೆಸರು; ಐರನ್‌ಮ್ಯಾನ್ ಟ್ರಯಥ್ಲಾನಿನಲ್ಲಿ ಇಂದಿಗೂ ಕಟ್ಟುನಿಟ್ಟು ಅದೇ. ಹೆಂಡತಿಯೇ ಆಗಲಿ, ಅಪ್ಪನೇ ಆಗಲಿ, ದಾರಿಬದಿಯಿಂದ ಒಂದು ಬಾಟಲಿ ನೀರು ಕೊಡುವಂತಿಲ್ಲ. ಅದು ಸ್ವಯಂಸೇವಕರ ಕೈಯಿಂದಲೇ ಬರಬೇಕು. ಮನೆಯವರಿಗೆ ಉಳಿದಿರುವುದು ಕೂಗು, ಚಪ್ಪಾಳೆ, ಕೈಬರಹದ ಫಲಕ, ಕೈಯಲ್ಲಿ ಅಲ್ಲಾಡಿಸುವ ಹಸುವಿನ ಗಂಟೆ. ಎದೆಯ ಚೀಟಿಯಲ್ಲಿ ಸಂಖ್ಯೆಯ ಜೊತೆ ಹೆಸರೂ ಇರುವುದರಿಂದ ಗುರುತಿಲ್ಲದವರೂ ಹೆಸರು ಹಿಡಿದು ಕರೆಯುತ್ತಾರೆ. 30 ಕಿ.ಮೀ. ಓಡಿ ಬಸವಳಿದವನಿಗೆ ಅಪರಿಚಿತರ ಬಾಯಲ್ಲಿ ತನ್ನ ಹೆಸರು ಕೇಳುವುದು ಸಣ್ಣ ಸಂಗತಿಯಲ್ಲ.

ಬಾಟಲಿ ಕೊಡುವುದಕ್ಕೂ ಕಲಿತ ಕೈ ಬೇಕು. ಸೈಕಲ್ ವೇಗವಾಗಿ ಬರುತ್ತದೆ. ಸ್ವಯಂಸೇವಕ ಬಾಟಲಿಯ ತುದಿಯನ್ನು ಸಡಿಲವಾಗಿ ಹಿಡಿದು, ತೋಳು ಚಾಚಿ, ಸವಾರನ ದಿಕ್ಕಿನಲ್ಲೇ ನಾಲ್ಕು ಹೆಜ್ಜೆ ಓಡಬೇಕು. ಸವಾರ ಹಿಡಿದ ಕ್ಷಣವೇ ಬಿಡಬೇಕು. ಒಂದು ಗಳಿಗೆ ತಡವಾದರೂ ಇಬ್ಬರೂ ಬೀಳಬಹುದು. ಓಟದ ದಾರಿಯಲ್ಲಿ ನೀರು, ಕೋಲಾ, ಐಸ್, ಸ್ಪಂಜು, ಬಾಳೆಹಣ್ಣು, ಕತ್ತಲಾದ ಮೇಲೆ ಬಿಸಿ ಸಾರು. ಕೈಯಲ್ಲಿ ಏನಿದೆ ಎಂದು ಪ್ರತಿಯೊಬ್ಬರೂ ಕೂಗಿ ಹೇಳುತ್ತಿರಬೇಕು, ಏಕೆಂದರೆ ಓಡುವವನಿಗೆ ನಿಂತು ನೋಡುವ ತ್ರಾಣ ಇರುವುದಿಲ್ಲ. ಗುರಿಯ ಗೆರೆಯಾಚೆ ನಿಲ್ಲುವವರ ಕೆಲಸ ಬೇರೆ. ಇವರನ್ನು ಅಲ್ಲಿ ‘ಕ್ಯಾಚರ್’ ಎನ್ನುತ್ತಾರೆ. ಬಂದವರ ಎರಡೂ ತೋಳಿಗೆ ತೋಳು ಕೊಟ್ಟು, ಹೆಸರು ಕೇಳಿ, ಕಣ್ಣು ನೋಡಿ, ಮಾತು ತೊದಲಿದರೆ ನೇರ ವೈದ್ಯಕೀಯ ಡೇರೆಗೆ ಒಯ್ಯುತ್ತಾರೆ. ಗಡುವಿನ ಕೊನೆಯ ಗಂಟೆಯಲ್ಲಿ ಮಧ್ಯಾಹ್ನವೇ ಗೆದ್ದ ಚಾಂಪಿಯನ್ನರೂ ಸ್ನಾನ, ಊಟ ಮುಗಿಸಿ ಅದೇ ಗೆರೆಗೆ ಮರಳಿ ಬಂದು, ಕಟ್ಟಕಡೆಯವರಿಗಾಗಿ ಚಪ್ಪಾಳೆ ತಟ್ಟುವ ಪದ್ಧತಿ ಬೆಳೆದಿದೆ. ಕ್ರೀಡಾಲೋಕದಲ್ಲಿ ಇಂಥದ್ದು ಬಲು ಅಪರೂಪ.

ಹುರಿದುಂಬಿಸುವುದನ್ನೇ ಹಬ್ಬ ಮಾಡಿಕೊಂಡ ಊರು ಜರ್ಮನಿಯ ಬವೇರಿಯಾದಲ್ಲಿದೆ. ರೋಟ್ ಸುಮಾರು 25 ಸಾವಿರ ಜನರ ಸಣ್ಣ ಪಟ್ಟಣ. 1984ರಲ್ಲಿ ಡೆಟ್ಲೆಫ್ ಕ್ಯೂನೆಲ್ ಅಲ್ಲಿ ಟ್ರಯಥ್ಲಾನ್ ಶುರು ಮಾಡಿದರು. 1988ರಲ್ಲಿ ಅದಕ್ಕೆ ಐರನ್‌ಮ್ಯಾನ್ ಹೆಸರು ಸೇರಿತು. ಈಜು ಸಮುದ್ರದಲ್ಲಲ್ಲ, ಹಡಗು ಓಡಾಡುವ ಮೈನ್-ಡ್ಯಾನ್ಯೂಬ್ ಕಾಲುವೆಯಲ್ಲಿ. ಪಕ್ಕದ ಹಿಲ್ಪೋಲ್ಟ್‌ಸ್ಟೈನ್ ಊರಿನ ಸೊಲಾರರ್ ಬೆರ್ಗ್ ಎಂಬ ಏರಿನಲ್ಲಿ ಜನ ರಸ್ತೆಯನ್ನೇ ತುಂಬಿ ನಿಲ್ಲುತ್ತಾರೆ. ಸೈಕಲ್ ಹತ್ತಿರವಾದಾಗಷ್ಟೇ ಒಬ್ಬರು ಹಾಯುವಷ್ಟು ದಾರಿ ಬಿಚ್ಚಿಕೊಳ್ಳುತ್ತದೆ, ಸವಾರ ಹೋದೊಡನೆ ಮುಚ್ಚಿಕೊಳ್ಳುತ್ತದೆ. ಸಂಘಟಕರ ಲೆಕ್ಕದಲ್ಲಿ ನೋಡಲು ಬರುವವರು 2 ಲಕ್ಷಕ್ಕೂ ಹೆಚ್ಚು, ಕೆಲಸಕ್ಕೆ ನಿಲ್ಲುವವರು ಸಾವಿರಾರು. 1996ರಲ್ಲಿ ಲೋಥಾರ್ ಲೆಡರ್ ಈ ದೂರವನ್ನು ಮೊದಲ ಬಾರಿಗೆ 8 ಗಂಟೆಯೊಳಗೆ ಮುಗಿಸಿದ್ದು ಇದೇ ರಸ್ತೆಗಳಲ್ಲಿ.

2002ರಲ್ಲಿ ಐರನ್‌ಮ್ಯಾನ್ ಹೆಸರು ಫ್ರಾಂಕ್‌ಫರ್ಟ್ ನಗರಕ್ಕೆ ಹೋಯಿತು. ರೋಟ್‌ಗೆ ಅದು ದೊಡ್ಡ ಪೆಟ್ಟಾಗಬಹುದಿತ್ತು. ‘ಚಾಲೆಂಜ್ ರೋಟ್’ ಎಂಬ ಹೊಸ ಹೆಸರಿನಲ್ಲಿ ಅದೇ ಕಾಲುವೆ, ಅದೇ ಏರು, ಅದೇ ಜನ ಮುಂದುವರಿದರು. ಐರನ್‌ಮ್ಯಾನ್ ಎಂಬ ಹೆಸರು ಒಂದು ಕಂಪನಿಯದಾಗಿತ್ತು, ಹಬ್ಬ ಊರಿನದಾಗಿತ್ತು. 2016ರಲ್ಲಿ ಯಾನ್ ಫ್ರೊಡೆನೊ 7 ಗಂಟೆ 35 ನಿಮಿಷದ ವಿಶ್ವದಾಖಲೆ ಬರೆದದ್ದೂ ಅಲ್ಲಿಯೇ.

ಭಾರತಕ್ಕೆ ಐರನ್‌ಮ್ಯಾನ್ ಬಂದದ್ದು 2019ರ ಅಕ್ಟೋಬರಿನಲ್ಲಿ, ಗೋವಾದ ಮಿರಾಮಾರ್ ಕಡಲತೀರಕ್ಕೆ. ಅದೂ ಅರ್ಧ ದೂರದ್ದು. 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಅಕ್ಟೋಬರಿನ ಕರಾವಳಿ ಸೆಕೆ ಎಂಥದ್ದೆಂದು ಕಾರವಾರ, ಮಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು ಮುಗಿಸಿದಾಗ ಈ ಕ್ರೀಡೆಯ ಹೆಸರೇ ಕೇಳದಿದ್ದ ಎಷ್ಟೋ ಕನ್ನಡಿಗರಿಗೆ ಅದರ ಪರಿಚಯವಾಯಿತು.

ಜನಬಲಕ್ಕೂ ಒಂದು ಮಿತಿ ಇದೆ ಎಂದು ತೋರಿಸಿಕೊಟ್ಟದ್ದು ಕೋನಾ. ಅಲ್ಲಿ ನಡೆಯುವ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಶಿಪ್ ಕೋವಿಡ್‌ನಿಂದ 2020ರಲ್ಲಿ ರದ್ದಾಯಿತು, 2021ರದ್ದು ಮುಂದಕ್ಕೆ ಹೋಗಿ 2022ರ ಮೇ ತಿಂಗಳಲ್ಲಿ ಅಮೆರಿಕದ ಯೂಟಾ ರಾಜ್ಯದಲ್ಲಿ ನಡೆಯಿತು. 2022ರ ಅಕ್ಟೋಬರಿನಲ್ಲಿ ಸ್ಪರ್ಧೆ ಕೋನಾಕ್ಕೆ ಮರಳಿದಾಗ ಹಿಂದಿನ ವರ್ಷಗಳ ಎರಡು ಪಟ್ಟು ಸ್ಪರ್ಧಿಗಳು. ಹಾಗಾಗಿ ಗುರುವಾರ ಒಂದು, ಶನಿವಾರ ಒಂದು ಎಂದು ಎರಡು ದಿನ. ಸುಮಾರು 20 ಸಾವಿರ ಜನಸಂಖ್ಯೆಯ ಊರದು. ಮಾಮೂಲಿ ಒಂದು ದಿನದ ಸ್ಪರ್ಧೆಗೇ 5 ಸಾವಿರದಷ್ಟು ಸ್ವಯಂಸೇವಕರು ಬೇಕು. ಕೆಲಸದ ದಿನ ಹೆದ್ದಾರಿ ಮುಚ್ಚಿದ್ದು, ಒಂದೇ ವಾರದಲ್ಲಿ ಎರಡು ಬಾರಿ ಅಷ್ಟು ಕೈಗಳನ್ನು ಕೂಡಿಸಬೇಕಾದದ್ದು ಊರಿಗೆ ಭಾರವಾಯಿತು. ಎರಡು ದಿನ ಆಗದು ಎಂಬ ಮಾತು ಸ್ಥಳೀಯ ಆಡಳಿತದಿಂದಲೇ ಬಂತು. 2023ರಿಂದ ಚಾಂಪಿಯನ್‌ಶಿಪ್ ಹೋಳಾಯಿತು: ಆ ವರ್ಷ ಮಹಿಳೆಯರು ಕೋನಾದಲ್ಲಿ, ಪುರುಷರು ಫ್ರಾನ್ಸಿನ ನೀಸ್‌ನಲ್ಲಿ, ಮರುವರ್ಷ ಅದಲು ಬದಲು. 2026ರಿಂದ ಇಬ್ಬರನ್ನೂ ಮತ್ತೆ ಕೋನಾದಲ್ಲಿ ಒಂದೇ ದಿನ ಓಡಿಸುವ ತೀರ್ಮಾನವನ್ನು 2025ರಲ್ಲಿ ಪ್ರಕಟಿಸಲಾಯಿತು.