ಮುಂದಿನ ಆಕ್ಸೆಲ್ ಒಂದೇ ಇರಬೇಕೆ, ಇಬ್ಭಾಗವಾಗಬೇಕೆ? ಆಫ್-ರೋಡ್ ವಾಹನಗಳ ಸಸ್ಪೆನ್ಷನ್ ಆಯ್ಕೆಯ ಇತಿಹಾಸ

ಪೀಠಿಕೆ

ಫೋರ್‌ವೀಲ್ ಡ್ರೈವ್ ವಾಹನಗಳ ಮುಂಭಾಗದ ಸಸ್ಪೆನ್ಷನ್ ಬಗ್ಗೆ ಎರಡು ಕಥೆಗಳು ಚಾಲ್ತಿಯಲ್ಲಿವೆ. ಮೊದಲಿಗೆ ಸಾಲಿಡ್ ಆಕ್ಸೆಲ್ ಇತ್ತು, ತಂತ್ರಜ್ಞಾನ ಬೆಳೆದಂತೆ ಸ್ವತಂತ್ರ ಸಸ್ಪೆನ್ಷನ್ ಬಂತು, ಹಳೆಯದು ಮೂಲೆಗೆ ಸರಿಯಿತು ಎನ್ನುವುದು ಒಂದು. ಸಾಲಿಡ್ ಆಕ್ಸೆಲ್ಲೇ ಅಸಲಿ, ಉಳಿದದ್ದೆಲ್ಲ ಪೇಟೆಯವರ ಸುಖಕ್ಕಾಗಿ ಮಾಡಿಕೊಂಡ ರಾಜಿ ಎನ್ನುವುದು ಹವ್ಯಾಸಿಗಳ ಕಥೆ. ಯಾವ ವರ್ಷ ಯಾವ ವಾಹನಕ್ಕೆ ಏನು ಜೋಡಿಸಿದರು ಎಂದು ಸಾಲಾಗಿ ಇಟ್ಟು ನೋಡಿದರೆ ಎರಡೂ ಕಥೆಗಳು ನಿಲ್ಲುವುದಿಲ್ಲ. ಸ್ವತಂತ್ರ ಸಸ್ಪೆನ್ಷನ್ ಇದ್ದ ಯುದ್ಧವಾಹನಗಳು ಜೀಪಿಗಿಂತ ಮೊದಲೇ ತಯಾರಾಗಿದ್ದವು. ಸಾಲಿಡ್ ಆಕ್ಸೆಲ್ ಇರುವ ಹೊಸ ವಾಹನಗಳು ಇವತ್ತಿಗೂ ಮಾರುಕಟ್ಟೆಗೆ ಬರುತ್ತಿವೆ. ಈ ಆಯ್ಕೆಯನ್ನು ಹೆಚ್ಚಿನ ಸಂದರ್ಭಗಳಲ್ಲಿ ನಿರ್ಧರಿಸಿದ್ದು ನೆಲದ ಒರಟುತನಕ್ಕಿಂತ ವಾಹನ ಓಡಬೇಕಾದ ವೇಗ ಎಂಬುದು ಈ ಲೇಖನದ ವಾದ. ಹೊರುವ ಭಾರ ಮತ್ತು ರಿಪೇರಿಯ ಅನುಕೂಲ ಆ ನಿರ್ಧಾರವನ್ನು ಅಲ್ಲಲ್ಲಿ ತಿದ್ದಿವೆ.

ಎರಡರ ಕೆಲಸ

ಸಾಲಿಡ್ ಆಕ್ಸೆಲ್‌ನಲ್ಲಿ ಎಡ, ಬಲ ಚಕ್ರಗಳೆರಡೂ ಒಂದೇ ಉಕ್ಕಿನ ಹೌಸಿಂಗ್‌ನ ಎರಡು ತುದಿಗಳಲ್ಲಿರುತ್ತವೆ. ಎಡಚಕ್ರ ಬಂಡೆ ಹತ್ತಿದರೆ ಹೌಸಿಂಗ್ ತಕ್ಕಡಿಯ ದಂಡದಂತೆ ಓರೆಯಾಗಿ ಬಲಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಹಿಡಿತ ಬೇಕಾದಲ್ಲಿ ಇದು ದೊಡ್ಡ ಲಾಭ. ಇನ್ನೊಂದು ಲಾಭ ಡಿಫರೆನ್ಷಿಯಲ್‌ಗೆ ಸಂಬಂಧಿಸಿದ್ದು. ಅದು ಹೌಸಿಂಗ್‌ನ ಒಳಗೇ ಇರುವುದರಿಂದ ಸ್ಪ್ರಿಂಗ್ ಎಷ್ಟೇ ಕುಗ್ಗಿದರೂ ನೆಲಕ್ಕೂ ಅದಕ್ಕೂ ಇರುವ ಅಂತರ ಬಹುಮಟ್ಟಿಗೆ ಬದಲಾಗದು. ಆ ಅಂತರವನ್ನು ಹೆಚ್ಚಿಸಬೇಕಾದರೆ ಟೈರನ್ನೇ ದೊಡ್ಡದು ಮಾಡಬೇಕು. ಅರ್ಧ ಆಕ್ಸೆಲ್‌ಗಳು ಹೌಸಿಂಗ್‌ನೊಳಗೆ ಭದ್ರವಾಗಿದ್ದು, ಸ್ಟೇರಿಂಗ್ ತಿರುಗುವ ಕಡೆ ಮಾತ್ರ ಪಕ್ಕಕ್ಕೊಂದು ಜಾಯಿಂಟ್ ಸಾಕಾಗುತ್ತದೆ.

ಸ್ವತಂತ್ರ ವ್ಯವಸ್ಥೆಯಲ್ಲಿ ಡಿಫರೆನ್ಷಿಯಲ್ ಚಾಸಿಗೆ ಬಿಗಿಯಾಗಿರುತ್ತದೆ, ಚಕ್ರಗಳು ಮಾತ್ರ ತಮ್ಮ ಪಾಡಿಗೆ ಏರಿಳಿಯುತ್ತವೆ. ಸ್ಪ್ರಿಂಗ್‌ನ ಕೆಳಗೆ ಕುಣಿಯುವ ತೂಕ ಕಡಿಮೆಯಾಗುವುದರಿಂದ ಉಬ್ಬುತಗ್ಗಿನ ಮೇಲೆ ಜೋರಾಗಿ ಹೋದರೂ ಟೈರು ನೆಲ ಬಿಡುವುದು ಕಡಿಮೆ. ಆದರೆ ಎರಡೂ ಚಕ್ರ ಒಟ್ಟಿಗೆ ಮೇಲೆದ್ದಾಗ ಡಿಫರೆನ್ಷಿಯಲ್ ಚಾಸಿಯ ಜೊತೆಗೇ ನೆಲದತ್ತ ಇಳಿಯುತ್ತದೆ. ಪಕ್ಕಕ್ಕೆ ಎರಡರಂತೆ ನಾಲ್ಕು ಜಾಯಿಂಟ್ ಬೇಕು. ಒಳಗಿನದು ಸುತ್ತುವುದರ ಜೊತೆಗೆ ಉದ್ದಕ್ಕೂ ಜಾರಬೇಕು. ಅದರ ರಬ್ಬರ್ ಬೂಟು ಮುಳ್ಳಿಗೋ ಕಲ್ಲಿಗೋ ಸಿಕ್ಕಿ ಹರಿಯಿತೆಂದರೆ ಗ್ರೀಸ್ ಹೊರಕ್ಕೆ, ಕೆಸರು ಒಳಕ್ಕೆ. ಆಮೇಲೆ ಜಾಯಿಂಟು ಹೆಚ್ಚು ಕಾಲ ಬಾಳದು.

ಟಾರು ರಸ್ತೆಯಲ್ಲಿ ಹುಟ್ಟಿದ ಪ್ರಶ್ನೆ

ಸ್ವತಂತ್ರ ಸಸ್ಪೆನ್ಷನ್‌ಗೆ ಅಮೆರಿಕದಲ್ಲಿ ನೆಲೆ ಸಿಕ್ಕಿದ್ದು ಕಾರುಗಳಿಂದ. ರೋಲ್ಸ್-ರಾಯ್ಸ್ ಬಿಟ್ಟು ಜನರಲ್ ಮೋಟರ್ಸ್ ಸೇರಿದ್ದ ಎಂಜಿನಿಯರ್ ಮಾರಿಸ್ ಆಲಿ 1930ರ ದಶಕದ ಆರಂಭದಲ್ಲಿ, ಅತ್ತಿತ್ತ ಸರಿಸಬಹುದಾದ ತೂಕಗಳನ್ನು ಕಟ್ಟಿದ ಕ್ಯಾಡಿಲಾಕ್ ಕಾರೊಂದರಲ್ಲಿ ಪ್ರಯೋಗ ನಡೆಸಿದರು. ಕುಳಿತವರು ಹಿಂದುಮುಂದಾಗಿ ತೂಗಾಡದೆ ಸಮನಾಗಿ ಸಾಗಬೇಕಾದರೆ ಮುಂದಿನ ಸ್ಪ್ರಿಂಗ್ ಹಿಂದಿನದಕ್ಕಿಂತ ಮೆದುವಾಗಿರಬೇಕು ಎಂಬುದು ಅವರಿಗೆ ಕಂಡ ಸತ್ಯ. ಸಾಲಿಡ್ ಆಕ್ಸೆಲ್‌ಗೆ ಅಷ್ಟು ಮೆದುವಾದ ಲೀಫ್ ಸ್ಪ್ರಿಂಗ್ ಹಾಕಿದಾಗ ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗತೊಡಗಿದವು, ಬ್ರೇಕ್ ಒತ್ತಿದರೆ ಆಕ್ಸೆಲ್ ತಿರುಚಿಕೊಳ್ಳುತ್ತಿತ್ತು. ಓರೆಯಾಗುವ ಆಕ್ಸೆಲ್ ಸುತ್ತುವ ಚಕ್ರಗಳನ್ನೂ ಓರೆ ಮಾಡುತ್ತದೆ. ಓರೆಯಾದ ಚಕ್ರ ತಾನಾಗಿ ಪಕ್ಕಕ್ಕೆ ತಿರುಗಲು ನೋಡುತ್ತದೆ. ವೇಗ ಹೆಚ್ಚಿದಷ್ಟೂ ಈ ಒತ್ತಡ ಹೆಚ್ಚು. 1934ರ ಮಾದರಿಗಳಲ್ಲಿ ಜನರಲ್ ಮೋಟರ್ಸ್ ತನ್ನ ಕಾರುಗಳ ಮುಂದಿನ ಆಕ್ಸೆಲ್ಲನ್ನು ಇಬ್ಭಾಗ ಮಾಡಿತು. ಕಲ್ಲುಮುಳ್ಳಿನ ದಾರಿಗೂ ಈ ತೀರ್ಮಾನಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಯುದ್ಧಕಾಲದ ಎರಡು ಉತ್ತರಗಳು

ಜರ್ಮನಿಯ ಸೇನೆ 1936ರಿಂದ ತರಿಸಿಕೊಂಡ ಏಕರೂಪದ ಹಗುರ ಕಾರುಗಳಿಗೆ ನಾಲ್ಕೂ ಚಕ್ರಕ್ಕೆ ಚಾಲನೆ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್, ಮೊದಲ ಮಾದರಿಗಳಲ್ಲಿ ಹಿಂದಿನ ಚಕ್ರಗಳಿಗೂ ಸ್ಟೇರಿಂಗ್ ಇತ್ತು. ಸ್ಟೋವರ್, ಬಿಎಂಡಬ್ಲ್ಯು, ಹಾನೊಮಾಗ್ ಕಂಪನಿಗಳು ಕಟ್ಟಿದ ಈ ಗಾಡಿಗಳು ಕಾಗದದ ಮೇಲೆ ಜೀಪಿಗಿಂತ ಮುಂದಿದ್ದವು. ಆದರೆ ತೂಕ ಹೆಚ್ಚು, ಭಾಗಗಳು ಹೆಚ್ಚು. ರಣರಂಗದಲ್ಲಿ ಅವನ್ನು ಸುಸ್ಥಿತಿಯಲ್ಲಿ ಇಡುವುದೇ ಹೊರೆಯಾಯಿತು.

ಅಮೆರಿಕದಲ್ಲಿ ಬ್ಯಾಂಟಮ್ ಕಂಪನಿ ತನ್ನ ಮೊದಲ ಮಾದರಿಯನ್ನು 1940ರ ಸೆಪ್ಟೆಂಬರ್‌ನಲ್ಲಿ ಮೇರಿಲ್ಯಾಂಡ್‌ನ ಕ್ಯಾಂಪ್ ಹೋಲಬರ್ಡ್‌ಗೆ ತಲುಪಿಸಿತು. ಅದರ ಬೆನ್ನಿಗೆ ವಿಲ್ಲಿಸ್ ಮತ್ತು ಫೋರ್ಡ್ ತಯಾರಿಸಿದ ಜೀಪುಗಳಲ್ಲೂ ಹಿಂದೆ ಮುಂದೆ ಸಾಲಿಡ್ ಆಕ್ಸೆಲ್, ನಾಲ್ಕು ಲೀಫ್ ಸ್ಪ್ರಿಂಗ್. ಜಾಯಿಂಟುಗಳಲ್ಲಿ ಮಾತ್ರ ವೈವಿಧ್ಯ: ಕೆಲವಕ್ಕೆ ರ್‍ಜೆಪ್ಪಾ, ಕೆಲವಕ್ಕೆ ಬೆಂಡಿಕ್ಸ್, ಕೆಲವಕ್ಕೆ ಟ್ರಾಕ್ಟಾ. ಪಕ್ಕಕ್ಕೆ ಒಂದೇ ಜಾಯಿಂಟ್ ಸಾಕಾಗುವ ವಿನ್ಯಾಸ, ಲಕ್ಷಗಟ್ಟಲೆ ವಾಹನ ಬೇಕಾಗಿದ್ದ ಸೇನೆಗೆ ಎಷ್ಟು ಅನುಕೂಲವಾಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಲೆಡ್ವಿಂಕಾ ಪರಂಪರೆ

ವೇಗದ ವಾದಕ್ಕೆ ಮೊದಲ ಆಕ್ಷೇಪ ಮಧ್ಯ ಯುರೋಪಿನಿಂದ ಬರುತ್ತದೆ. ಹನ್ಸ್ ಲೆಡ್ವಿಂಕಾ 1923ರ ಟಟ್ರಾ 11 ಕಾರಿನಲ್ಲಿ ಚಾಸಿಯ ಬದಲು ನಡುವೆ ಒಂದು ಉಕ್ಕಿನ ಕೊಳವೆ ಇಟ್ಟು, ಅದರಿಂದ ಹಿಂದಿನ ಅರ್ಧ ಆಕ್ಸೆಲ್‌ಗಳು ತೂಗುವಂತೆ ಮಾಡಿದರು. ಇದೇ ತತ್ವ ಮುಂದೆ ಟಟ್ರಾದ ಭಾರಿ ಟ್ರಕ್ಕುಗಳ ಎಲ್ಲ ಚಕ್ರಗಳಿಗೂ ಹಬ್ಬಿತು. ಮಗ ಎರಿಕ್ ಲೆಡ್ವಿಂಕಾ ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ 1959ರ ಹಾಫ್ಲಿಂಗರ್ ಮತ್ತು 1971ರ ಪಿನ್ಸ್‌ಗಾವರ್ ವಾಹನಗಳನ್ನು ಇದೇ ಜಾಡಿನಲ್ಲಿ ರೂಪಿಸಿದರು. ನಿಧಾನವಾಗಿ ಬೆಟ್ಟ ಹತ್ತುವ ಈ ಗಾಡಿಗಳಿಗೂ ಸ್ವತಂತ್ರ ಸಸ್ಪೆನ್ಷನ್ನೇ.

ಈ ಪರಂಪರೆಯ ಒಂದು ಕೊಂಡಿ ಕರ್ನಾಟಕದಲ್ಲಿದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿರುವ ಬಿಇಎಂಎಲ್ 1986ರ ಒಪ್ಪಂದದ ನಂತರ ಟಟ್ರಾ ಟ್ರಕ್ಕುಗಳನ್ನು ಭಾರತೀಯ ಸೇನೆಗೆ ತಯಾರಿಸಿಕೊಟ್ಟಿತು. ಪಿನಾಕ ರಾಕೆಟ್ ಲಾಂಚರ್‌ಗಳನ್ನು ಹೊತ್ತದ್ದು ಇಂಥ ಟ್ರಕ್ಕುಗಳೇ. ತಿರುಚಿಕೊಳ್ಳದ ಕೊಳವೆಯೇ ಬೆನ್ನೆಲುಬಾಗಿರುವಾಗ ಚಕ್ರಗಳನ್ನು ಬೇರೆ ಬೇರೆಯಾಗಿ ಏರಿಳಿಸದೆ ಬೇರೆ ದಾರಿಯಿಲ್ಲ. ಚಾಸಿಯ ರಚನೆಯೇ ಆಯ್ಕೆಯನ್ನು ಮಾಡಿಕೊಟ್ಟ ಉದಾಹರಣೆ ಇದು. ವೇಗದ ವಾದಕ್ಕೆ ಇದನ್ನು ಅಪವಾದವೆಂದೇ ಒಪ್ಪಬೇಕು.

ಎಂ151ರಿಂದ ಹಮ್ವಿಗೆ

ಜೀಪಿನ ಉತ್ತರಾಧಿಕಾರಿಯಾಗಿ ಫೋರ್ಡ್ ರೂಪಿಸಿದ ಎಂ151 ನಾಲ್ಕೂ ಚಕ್ರಗಳಿಗೆ ಕಾಯಿಲ್ ಸ್ಪ್ರಿಂಗ್, ಸ್ವತಂತ್ರ ಸಸ್ಪೆನ್ಷನ್ ಪಡೆಯಿತು. ಕಾಡುಮೇಡಿನಲ್ಲಿ ಜೀಪಿಗಿಂತ ಜೋರಾಗಿ ಓಡಬೇಕೆಂಬುದೇ ಉದ್ದೇಶ. ಅದು ಈಡೇರಿತು, ಆದರೆ ತಿರುವುಗಳಲ್ಲಿ ಗಾಡಿ ಮಗುಚುತ್ತದೆ ಎಂಬ ಕೆಟ್ಟ ಹೆಸರೂ ಜೊತೆಗೆ ಬಂತು. ತಪ್ಪು ಇದ್ದದ್ದು ಹಿಂದಿನ ತೂಗು ಆಕ್ಸೆಲ್‌ನಲ್ಲಿ. ತಿರುವಿನಲ್ಲಿ ಹಿಂಬದಿ ಎತ್ತಿಕೊಂಡಾಗ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತಿತ್ತು. ಎಂ151ಎ2 ಮಾದರಿಯಲ್ಲಿ ಹಿಂದಿನ ಜೋಡಣೆಯನ್ನೇ ಬದಲಿಸಲಾಯಿತು. ಸೇನೆ ಹಳೆಯ ಎಂ151ಗಳನ್ನು ನಾಗರಿಕರಿಗೆ ಇಡಿಯಾಗಿ ಮಾರದೆ ಕತ್ತರಿಸಿ ಗುಜರಿಗೆ ಹಾಕುವ ನೀತಿ ತಳೆಯಿತು. ಸ್ವತಂತ್ರ ಸಸ್ಪೆನ್ಷನ್ ಎಂದರೆ ಅಪಾಯ ಎಂಬ ನಂಬಿಕೆಗೆ ಈ ಪ್ರಕರಣವನ್ನು ಸಾಕ್ಷಿಯಾಗಿ ತರುವವರು, ದೋಷ ಮುಂದಿನ ಚಕ್ರಗಳದ್ದಾಗಿರಲಿಲ್ಲ ಎಂಬುದನ್ನು ಮರೆಯುತ್ತಾರೆ.

1983ರಲ್ಲಿ ಗುತ್ತಿಗೆ ಪಡೆದ ಎಎಂ ಜನರಲ್ ಕಂಪನಿಯ ಹಮ್ವಿ ಈ ಪಾಠದಿಂದ ಬೇರೆಯದೇ ತೀರ್ಮಾನಕ್ಕೆ ಬಂತು. ನಾಲ್ಕೂ ಕಡೆ ಡಬಲ್ ವಿಶ್‌ಬೋನ್ ಹಾಕಿ, ಚಕ್ರದ ಹಬ್‌ನಲ್ಲಿ ಗೇರು ಕೂರಿಸಿ ಅರ್ಧ ಆಕ್ಸೆಲ್‌ಗಳನ್ನು ಚಕ್ರದ ನಡುಬಿಂದುವಿಗಿಂತ ಮೇಲಕ್ಕೆತ್ತಿದರು. ನೆಲದಿಂದ ಸುಮಾರು 41 ಸೆಂ.ಮೀ. ಅಂತರ ಸಿಕ್ಕಿತು. ಸಾಲಿಡ್ ಆಕ್ಸೆಲ್‌ನ ಮುಖ್ಯ ಲಾಭವನ್ನೇ ಸ್ವತಂತ್ರ ಸಸ್ಪೆನ್ಷನ್ ಕಸಿದುಕೊಂಡದ್ದು ಇಲ್ಲಿ. ಅದಕ್ಕೆ ತೆತ್ತ ಬೆಲೆ ಗಾಡಿಯ ಅಗಲ, ತೂಕ ಮತ್ತು ಖರ್ಚು. ಇಕ್ಕಟ್ಟಾದ ದಾರಿಗಳಿಗೆ ಹಮ್ವಿ ಒಗ್ಗುವುದಿಲ್ಲ.

ಒಂದೇ ಕಂಪನಿ, ಎರಡು ಉತ್ತರ

ವೇಗದ ವಾದಕ್ಕೆ ಬಲವಾದ ಪುರಾವೆ ಸಿಗುವುದು, ಒಂದೇ ಕಂಪನಿ ಒಂದೇ ಕಾಲದಲ್ಲಿ ಎರಡನ್ನೂ ಮಾರಿದ ಸಂದರ್ಭಗಳಲ್ಲಿ. ಟೊಯೊಟಾ 1979ರಲ್ಲಿ ಸಾಲಿಡ್ ಆಕ್ಸೆಲ್ ಜೊತೆ ತಂದ ಫೋರ್‌ವೀಲ್ ಹೈಲಕ್ಸ್, ಅಮೆರಿಕದ 1986ರ ಮಾದರಿಯಲ್ಲಿ ಟಾರ್ಷನ್ ಬಾರ್ ಇರುವ ಸ್ವತಂತ್ರ ಸಸ್ಪೆನ್ಷನ್‌ಗೆ ಬದಲಾಯಿತು. ಅಲ್ಲಿ ಪಿಕಪ್ ಮನೆಮಂದಿಯ ಕಾರೂ ಆಗುತ್ತಿದ್ದ ಕಾಲ ಅದು. ಆಸ್ಟ್ರೇಲಿಯಾದಲ್ಲಿ ಸಾಲಿಡ್ ಆಕ್ಸೆಲ್ ಹೈಲಕ್ಸ್ 1997ರವರೆಗೂ ಉಳಿಯಿತು. 1998ರಲ್ಲಿ ಬಂದ ಲ್ಯಾಂಡ್ ಕ್ರೂಸರ್ 100ಕ್ಕೆ ಸ್ವತಂತ್ರ ಸಸ್ಪೆನ್ಷನ್. ಹೆಚ್ಚುಕಡಿಮೆ ಅದೇ ಮೈಕಟ್ಟಿನ 105ಕ್ಕೆ, ಆಸ್ಟ್ರೇಲಿಯಾ ಮತ್ತು ಆಫ್ರಿಕದಂಥ ಕಡೆ, ಸಾಲಿಡ್ ಆಕ್ಸೆಲ್. ಗಣಿ, ಜಾನುವಾರು ಫಾರ್ಮ್, ನೆರವು ಸಂಸ್ಥೆಗಳ ಕೆಲಸಕ್ಕೆ ಹೋಗುವ 70 ಸರಣಿ 1999ರಲ್ಲಿ ಮುಂದೆ ಲೀಫ್ ಬದಲು ಕಾಯಿಲ್ ಸ್ಪ್ರಿಂಗ್ ಪಡೆದರೂ ಆಕ್ಸೆಲ್ಲನ್ನು ಬಿಟ್ಟುಕೊಡಲಿಲ್ಲ.

ಭಾರದ ಪ್ರಶ್ನೆಯಲ್ಲಿ ಚಿತ್ರ ಅಷ್ಟು ಸ್ಪಷ್ಟವಿಲ್ಲ. ಫೋರ್ಡ್ ಸೂಪರ್ ಡ್ಯೂಟಿ ಮತ್ತು ರ್‍ಯಾಮ್ 2500 ಫೋರ್‌ವೀಲ್ ಟ್ರಕ್ಕುಗಳು ಸಾಲಿಡ್ ಆಕ್ಸೆಲ್ ಉಳಿಸಿಕೊಂಡವು. ಅದೇ ವರ್ಗದ ಶೆವ್ರೊಲೆ ಟ್ರಕ್ಕುಗಳು 1988ರಲ್ಲಿ ಶುರುವಾದ ಪೀಳಿಗೆಯಿಂದ ಟಾರ್ಷನ್ ಬಾರ್‌ನ ಸ್ವತಂತ್ರ ಸಸ್ಪೆನ್ಷನ್‌ನಲ್ಲೇ ಭಾರ ಹೊರುತ್ತಿವೆ. ಭಾರ ಹೆಚ್ಚಿದ್ದರೆ ಸಾಲಿಡ್ ಆಕ್ಸೆಲ್ ಅನಿವಾರ್ಯ ಎಂಬ ಮಾತು ಹಾಗಾಗಿ ನಿಯಮವಾಗಲಾರದು.

ಗ್ರಾಟ್ಸ್‌ನ ಕಥೆಯನ್ನು ಇಲ್ಲಿ ಮುಂದುವರಿಸಬೇಕು. ಪಿನ್ಸ್‌ಗಾವರ್ ಕಟ್ಟುತ್ತಿದ್ದ ಅದೇ ಊರಿನಲ್ಲಿ 1979ರಿಂದ ಮರ್ಸಿಡಿಸ್ ಜಿ-ವಾಗನ್ ಎರಡೂ ಕಡೆ ಸಾಲಿಡ್ ಆಕ್ಸೆಲ್ ಇಟ್ಟುಕೊಂಡು ತಯಾರಾಯಿತು. 2018ರಲ್ಲಿ ಅದರ ಮುಂಭಾಗಕ್ಕೆ ಡಬಲ್ ವಿಶ್‌ಬೋನ್ ಬಂತು, ಹಿಂದಿನ ಆಕ್ಸೆಲ್ ಹಾಗೇ ಉಳಿಯಿತು. ಜೊತೆಗೇ ಹಳೆಯ ಸ್ಟೇರಿಂಗ್ ಬಾಕ್ಸ್ ಹೋಗಿ ವಿದ್ಯುತ್ ಚಾಲಿತ ರ್‍ಯಾಕ್ ಸ್ಟೇರಿಂಗ್ ಬಂದು, ತಾನಾಗಿ ಪಾರ್ಕ್ ಮಾಡಿಕೊಳ್ಳುವಂಥ ಸೌಲಭ್ಯಗಳು ಸಾಧ್ಯವಾದವು. ಬದಲಾವಣೆಯ ಒತ್ತಡ ಎಲ್ಲಿಂದ ಬಂತೆಂದು ಈ ಜೋಡಿಯೇ ಹೇಳುತ್ತದೆ. ಹೊಸ ಲ್ಯಾಂಡ್ ರೋವರ್ ಡಿಫೆಂಡರ್ ಮತ್ತು 2021ರ ಫೋರ್ಡ್ ಬ್ರಾಂಕೊ ಕೂಡ ಸ್ವತಂತ್ರ ಮುಂಗಾಲಿಗಳನ್ನೇ ಆರಿಸಿಕೊಂಡವು. ಜೀಪ್ ರ್‍ಯಾಂಗ್ಲರ್ ಒಪ್ಪಲಿಲ್ಲ: ಅದರ ಗಿರಾಕಿಗಳು ದೊಡ್ಡ ಟೈರು ಹಾಕಿ ಬಂಡೆಗಳ ಮೇಲೆ ಆಮೆಗತಿಯಲ್ಲಿ ತೆವಳುವವರು.

ಭಾರತದ ಅನುಭವ

ಮಹೀಂದ್ರ 1947ರಿಂದ ಜೋಡಿಸಿದ ವಿಲ್ಲಿಸ್ ಜೀಪುಗಳ ಸಂತತಿಯೇ ಮಲೆನಾಡಿನ ಕಾಫಿ ಎಸ್ಟೇಟುಗಳಲ್ಲಿ ದಶಕಗಳ ಕಾಲ ದುಡಿಯಿತು. ಕೊಡಗಿನ ಮಾಂದಲಪಟ್ಟಿ, ಶಿವಮೊಗ್ಗ ಜಿಲ್ಲೆಯ ಕೊಡಚಾದ್ರಿ ದಾರಿಗಳಲ್ಲಿ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ಗಮನಿಸಿದರೆ ಅದರ ಕಾರಣ ತಿಳಿಯುತ್ತದೆ. ಮೊದಲನೇ ಗೇರಿನಲ್ಲಿ, ಕಲ್ಲಿಂದ ಕಲ್ಲಿಗೆ ಇಡೀ ಗಾಡಿ ಓಲಾಡುತ್ತ ಹತ್ತುತ್ತದೆ. ಲೀಫ್ ಸ್ಪ್ರಿಂಗ್‌ನ ಪ್ಲೇಟು ತುಂಡಾದರೆ ಯು-ಬೋಲ್ಟ್ ಬಿಚ್ಚಿ ಹೊಸದನ್ನು ಸೇರಿಸಲು ಊರಿನ ಗ್ಯಾರೇಜೇ ಸಾಕು.

2010ರ ಥಾರ್ ಸಿಆರ್‌ಡಿಇ ಮಾದರಿಗೆ ಮಹೀಂದ್ರ ಮುಂದೆ ಟಾರ್ಷನ್ ಬಾರ್ ಹಾಕಿ, ಹಿಂದೆ ಲೀಫ್ ಸ್ಪ್ರಿಂಗ್ ಉಳಿಸಿತು. 2020ರ ಥಾರ್‌ಗೆ ಮುಂದೆ ಡಬಲ್ ವಿಶ್‌ಬೋನ್, ಹಿಂದೆ ಕಾಯಿಲ್ ಸ್ಪ್ರಿಂಗ್‌ನ ಸಾಲಿಡ್ ಆಕ್ಸೆಲ್. ಬೆಂಗಳೂರಿನಿಂದ ಸಕಲೇಶಪುರಕ್ಕೆ ವಾರಾಂತ್ಯ ಕಳೆಯಲು ಹೋಗುವವರು ಎಸ್ಟೇಟಿನ ಕೆಸರು ಮುಟ್ಟುವ ಮೊದಲು ಸುಮಾರು 220 ಕಿ.ಮೀ. ಹೆದ್ದಾರಿ ದಾಟಬೇಕು. ಈ ಗಿರಾಕಿಯ ದೃಷ್ಟಿಯಿಂದ ಆ ಬದಲಾವಣೆ ಸಹಜ. ಆದರೆ 2023ರಲ್ಲಿ ಮಾರುತಿ ಇಲ್ಲಿ ಬಿಡುಗಡೆ ಮಾಡಿದ ಐದು ಬಾಗಿಲಿನ ಜಿಮ್ನಿಗೆ ಮುಂದೆಯೂ ಹಿಂದೆಯೂ ಕಾಯಿಲ್ ಸ್ಪ್ರಿಂಗ್‌ನ ಸಾಲಿಡ್ ಆಕ್ಸೆಲ್ ಇದೆ. ಹಗುರವಾದ ಗಾಡಿಯಲ್ಲಿ ಆಕ್ಸೆಲ್‌ನ ತೂಕವೂ ಕಡಿಮೆಯಾಗಿರುವುದರಿಂದ ಹೆದ್ದಾರಿಯಲ್ಲಿ ಅದರ ಕಾಟ ಸಹಿಸುವಷ್ಟಿರುತ್ತದೆ.

ಉಪಸಂಹಾರ

ಇಷ್ಟು ಸಾಕ್ಷ್ಯಗಳಿಂದ ಮೂರು ಮಾತುಗಳು ನಿಲ್ಲುತ್ತವೆ. ಒಂದು, ಮುಂದಿನ ಆಕ್ಸೆಲ್ ಇಬ್ಭಾಗವಾದ ಬಹುಪಾಲು ಸಂದರ್ಭಗಳಲ್ಲಿ ಅದಕ್ಕೆ ಕಾರಣವಾಗಿ ವೇಗದ ಬೇಡಿಕೆ ಇದ್ದೇ ಇತ್ತು: ಕ್ಯಾಡಿಲಾಕ್‌ಗೆ ಟಾರು ರಸ್ತೆಯದು, ಹಮ್ವಿಗೆ ಬಯಲು ನೆಲದ್ದು, ಥಾರ್‌ಗೆ ಹೆದ್ದಾರಿಯದು. ಎರಡು, ಟಟ್ರಾ ಮತ್ತು ಶೆವ್ರೊಲೆ ಉದಾಹರಣೆಗಳು ತೋರಿಸುವಂತೆ, ಚಾಸಿಯ ರಚನೆಯೂ ಕಂಪನಿಯ ರೂಢಿಯೂ ಈ ನಿಯಮವನ್ನು ಮುರಿಯಬಲ್ಲವು. ಮೂರು, ಸಾಲಿಡ್ ಆಕ್ಸೆಲ್ ಉಳಿದದ್ದು ಹಳೆಯದರ ಮೇಲಿನ ಮೋಹದಿಂದಲ್ಲ. ನಿಧಾನವಾಗಿ ಹೋಗುವವರಿಗೆ, ದೂರದಲ್ಲಿ ರಿಪೇರಿ ಮಾಡಿಸಿಕೊಳ್ಳುವವರಿಗೆ ಅದು ಈಗಲೂ ಲೆಕ್ಕಕ್ಕೆ ಸರಿಹೊಂದುತ್ತದೆ. ಆದ್ದರಿಂದ ಯಾವುದು ಮೇಲು ಎಂಬ ವಾದಕ್ಕಿಂತ, ಒಂದು ವಾಹನ ತನ್ನ ಆಯುಷ್ಯದ ಹೆಚ್ಚಿನ ಕಿಲೋಮೀಟರುಗಳನ್ನು ಯಾವ ವೇಗದಲ್ಲಿ ಕಳೆಯುತ್ತದೆ ಎಂದು ಕೇಳುವುದು ಕೊಳ್ಳುವವರಿಗೂ ಚರಿತ್ರೆ ಬರೆಯುವವರಿಗೂ ಹೆಚ್ಚು ಉಪಯುಕ್ತ.