ಕಾಲಿನ ತಪ್ಪಲ್ಲ

2023ರ ಅಕ್ಟೋಬರ್ ಕೊನೆಗೆ ಮುಂಬಯಿಯ ರಸ್ತೆಗಳಿಂದ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಮರೆಯಾದ ಸುದ್ದಿ ಓದಿದಾಗ ನನ್ನ ಬಲಗಾಲು ತಾನಾಗಿಯೇ ನೆಲಕ್ಕೆ ಒತ್ತಿಕೊಂಡಿತು. ಧಾರವಾಡದ ನಮ್ಮ ಮನೆಯಲ್ಲಿಯೂ ಒಂದು ಪದ್ಮಿನಿ ಇತ್ತು. ಅಪ್ಪ ಅದನ್ನು ಕೊನೆಯವರೆಗೂ ‘ಫಿಯಾಟ್’ ಎಂದೇ ಕರೆದರು. ತಪ್ಪೇನಿಲ್ಲ. ಇಟಲಿಯ ಫಿಯಾಟ್ 1100 ಗಾಡಿಯನ್ನೇ ಪ್ರೀಮಿಯರ್ ಕಂಪನಿ ಮುಂಬಯಿಯ ಕುರ್ಲಾದಲ್ಲಿ ತಯಾರಿಸುತ್ತಿತ್ತು. 1970ರ ದಶಕದಲ್ಲಿ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ. ಹಾಗೆ ಬಂದ ಗಾಡಿಯನ್ನು ಯಾರೂ ಮಾರುತ್ತಿರಲಿಲ್ಲ, ರಿಪೇರಿ ಮಾಡಿಸುತ್ತಿದ್ದರು.

1998ರ ಹೊತ್ತಿಗೆ ನಮ್ಮ ಗಾಡಿಗೆ ಇಪ್ಪತ್ತು ವರ್ಷ. ನಾನು ಆಗಷ್ಟೇ ಹುಬ್ಬಳ್ಳಿಯಲ್ಲಿ ಮಾಸ್ತರಿಕೆಗೆ ಸೇರಿದ್ದೆ. ಭಾನುವಾರ ಗಾಡಿ ನನ್ನದು. ಆದರೆ ಬ್ರೇಕ್ ಒತ್ತಿದರೆ ನಾದಿದ ಹಿಟ್ಟನ್ನು ಒತ್ತಿದ ಹಾಗೆ. ಮೆಕ್ಯಾನಿಕ್ ಎರಡು ಸಲ ಬ್ರೇಕ್ ಬಿಚ್ಚಿ ಹೊಸ ಸಾಮಾನು ಹಾಕಿ, ಅಪ್ಪನಿಗೆ ಹೇಳಿದ: “ಗಾಡಿಗೇನೂ ಆಗಿಲ್ರಿ. ಬಾಯಾರ ಕಾಲಾಗ ಕಸುವಿಲ್ಲ.” ಅಪ್ಪ ಅದನ್ನು ನಂಬಿದರು. ಸ್ವಲ್ಪ ನಾನೂ ನಂಬಿದೆ.

ಮೊದಮೊದಲ ಕಾರುಗಳಲ್ಲಿ ಬ್ರೇಕ್ ಹಿಡಿಯುತ್ತಿದ್ದುದು ಸರಳು, ತಂತಿಗಳಿಂದ. ಅಲ್ಲಿ ಕಾಲಿನ ಕಸುವು ಬೇಕೇ ಬೇಕಿತ್ತು. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ತಂತಿಯ ಬದಲು ಕೊಳವೆಯಲ್ಲಿ ದ್ರವ ತುಂಬಿದ. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಗಾಲಿಗೆ ಇಂಥ ಬ್ರೇಕ್ ಬಂತು. ಹಿಂದೆ ಹರಳೆಣ್ಣೆಗೆ ಮದ್ಯಸಾರ ಬೆರೆಸಿ ಹಾಕುತ್ತಿದ್ದರಂತೆ! ನಾನು ಬಿ.ಎ. ಓದಿದವಳು, ದ್ರವದ ಒಂದು ಕಡೆ ಒತ್ತಿದರೆ ಎಲ್ಲ ಕಡೆಗೂ ಅದೇ ಒತ್ತಡ ಎಂಬ ಪ್ಯಾಸ್ಕಲನ ನಿಯಮವನ್ನು ನನಗೆ ಹೇಳಿಕೊಟ್ಟವರು ನಮ್ಮ ಶಾಲೆಯ ವಿಜ್ಞಾನದ ಟೀಚರು. ಅದೂ ಗೋಕರ್ಣಕ್ಕೆ ಹೋಗಿ ಬಂದ ಮೇಲೆ.

ಯಲ್ಲಾಪುರ ದಾಟಿ ಅರಬೈಲು ಘಾಟಿನ ಇಳುಕಲು. ಹಿಂದಿನ ಸೀಟಿನಲ್ಲಿ ಅವ್ವ, ಅಣ್ಣನ ಮಗು. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಪೆಡಲ್ ನೆಲ ಮುಟ್ಟಿತು, ಗಾಡಿ ನಿಲ್ಲಲಿಲ್ಲ. ಪೆಡಲ್ ಪಟಪಟನೆ ತುಳಿದೆ. ಸ್ಟಿಯರಿಂಗ್ ಪಕ್ಕದ ಗೇರನ್ನು ಕೆಳಕ್ಕೆ ತಂದು, ಎಣ್ಣೆಯ ಹಂಗಿಲ್ಲದ ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಮಗ್ಗುಲಿನ ಮಣ್ಣಿಗೆ ಗಾಡಿ ಹತ್ತಿಸಿದೆ. ಅವ್ವ ಒಂದು ಮಾತೂ ಆಡಲಿಲ್ಲ. ತಾಸಿನ ಮೇಲೆ ಪೆಡಲ್ ತಿರುಗಿ ಮೇಲೆ ಬಂತು. ಕಾಲಿಗೆ ಒಂದು ತಾಸಿನಲ್ಲಿ ಕಸುವು ಬರುತ್ತದೆಯೆ?

ಊರಿಗೆ ಬಂದು ಹಳೇ ಹುಬ್ಬಳ್ಳಿಯ ವಯಸ್ಸಾದ ಮಿಸ್ತ್ರಿಯೊಬ್ಬರ ಹತ್ತಿರ ಹೋದೆ. ಅವರು ಗಾಲಿ ಬಿಚ್ಚಲೇ ಇಲ್ಲ. “ನೀವ ಒತ್ರಿ, ಒತ್ತಿ ಹಿಡ್ಕೊಳ್ರಿ” ಎಂದರು. ನಿಧಾನವಾಗಿ ಪೆಡಲ್ ಕುಸಿದರೆ ಎಣ್ಣೆ ಎಲ್ಲೋ ಸೋರುತ್ತದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಕುಸಿಯಲಿಲ್ಲ. “ಈಗ ನಾಕ್ ಸಲ ತುಳೀರಿ.” ತುಳಿದ ಮೇಲೆ ಪೆಡಲ್ ಮೇಲೇರಿ ಕಲ್ಲಿನಂತೆ ಗಟ್ಟಿಯಾದರೆ ಬ್ರೇಕ್ ಶೂ ಡ್ರಮ್ಮಿನಿಂದ ದೂರವಿದೆ, ಬಿಗಿ ಮಾಡಿದರಾಯಿತು. ನನ್ನದು ಮೇಲೇರಿತು, ಆದರೆ ಪುಟಿಯುತ್ತಿತ್ತು. “ಗಾಳಿ ಹೊಕ್ಕೇತಿ” ಎಂದರು. ಎರಡು ಸಲ ಬಿಚ್ಚಿದಾಗ ಹೊಕ್ಕ ಗಾಳಿಯನ್ನು ಯಾರೂ ತೆಗೆದಿರಲಿಲ್ಲ. ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ.

ಘಾಟಿನ ಕಥೆ ಕೇಳಿ, ಎಣ್ಣೆ ಬದಲಿಸಿದ್ದು ಯಾವಾಗ ಎಂದರು. ನನಗೆ ಗೊತ್ತಿರಲಿಲ್ಲ. ಬ್ರೇಕ್ ಎಣ್ಣೆ ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್-3 ಎಣ್ಣೆ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ನೂರಕ್ಕೆ ನಾಲ್ಕು ಪಾಲಿನಷ್ಟು ನೀರು ಸೇರಿದರೆ 140ಕ್ಕೇ ಕುದಿಯಬಹುದು. ಇಳುಕಲಿನಲ್ಲಿ ಬ್ರೇಕ್ ಕಾದು ಎಣ್ಣೆ ಆವಿಯಾಗಿತ್ತು, ತಣ್ಣಗಾದ ಮೇಲೆ ಮತ್ತೆ ಎಣ್ಣೆಯಾಗಿತ್ತು.

ನಾನು ಪೆಡಲ್ ಒತ್ತುತ್ತ, ಬಿಡುತ್ತ ಕುಳಿತೆ. ಅವರು ಒಂದೊಂದೇ ಗಾಲಿಯ ನಿಪ್ಪಲ್ ಸಡಿಲಿಸಿ, ಬಿಗಿಯುತ್ತ, ಎಣ್ಣೆಯನ್ನು ಗಾಜಿನ ಬಾಟಲಿಗೆ ಇಳಿಸಿದರು. ಮೊದಲು ಗುಳ್ಳೆ, ಆಮೇಲೆ ಚಹಾದ ಡಿಕಾಕ್ಷನ್ನಿನಂಥ ಕಪ್ಪು ದ್ರವ. ಬಾಟಲಿಯನ್ನು ಮನೆಗೆ ತಂದು ಅಪ್ಪನ ಮುಂದಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಗಾಡಿ ತೆಗೆದುಕೊಂಡು ಉಣಕಲ್ ಕೆರೆಯವರೆಗೆ ಒಬ್ಬರೇ ಹೋಗಿಬಂದರು.