ಎರೆಬಯಲಿನ ಬೇಟೆಯೂ ಬೇಟೆಗಾರನ ಗೆಳೆಯರೂ

ಸಿಂದಗಿ ತಾಲೂಕಿನ ಕನ್ನೊಳ್ಳಿಯ ಸೀಮೆಯಲ್ಲಿ ನಿಂತು ನಾಲ್ಕು ದಿಕ್ಕಿಗೂ ದೃಷ್ಟಿಯನ್ನು ಹಾಯಿಸಿದವನಿಗೆ, ಪರ್ವತವೆಂಬುದು ಕವಿಗಳು ಅಷ್ಟಾದಶ ವರ್ಣನೆಗಳ ಲೆಕ್ಕವನ್ನು ತುಂಬಿಸುವುದಕ್ಕಾಗಿ ಕಲ್ಪಿಸಿಕೊಂಡ ವಸ್ತುವಿರಬಹುದೇ ಎಂಬ ಸಂದೇಹ ಮೂಡಿದರೆ ಆಶ್ಚರ್ಯಪಡಬೇಕಾದುದಿಲ್ಲ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಹೊಳೆಗಳ ನಡುವಣ ವಿಜಯಪುರದ ನಾಡು ಬಹುಮಟ್ಟಿಗೆ ಎರೆಯ ಬಯಲು. ಹಿಂಗಾರಿಯ ಬಿಳಿಜೋಳ ಎದೆಯೆತ್ತರಕ್ಕೆ ಬೆಳೆಯುವವರೆಗೆ, ಅರ್ಧ ಹರದಾರಿಯಾಚೆ ನಡೆಯುತ್ತಿರುವವನು ಯಾರೆಂಬುದು ಅವನ ನಡಿಗೆಯಿಂದಲೇ ಗೊತ್ತಾಗುವಷ್ಟು ನೆಲ ಇಲ್ಲಿ ತೆರೆದುಕೊಂಡಿರುತ್ತದೆ.

ಇಂಥ ನಾಡಿನಲ್ಲಿ ಬೇಟೆಯ ಚರಿತ್ರೆಯನ್ನು ಅರಸಹೊರಟವನು ಮಲೆಯ ಬೇಟೆಯ ನಿಯಮಗಳನ್ನು ಮೊದಲು ಮರೆಯಬೇಕು. ಮಲೆಯಲ್ಲಿ ಕಡವೆಯ ಹೆಜ್ಜೆಯನ್ನು ಹಿಡಿದು ಹೊರಟ ಇಬ್ಬರು ಗೆಳೆಯರಿಗೆ ಮರವುಂಟು, ಬಂಡೆಯುಂಟು, ಕಣಿವೆಯ ಮಂಜುಂಟು. ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಎಂಬ ಮಹಾಸಾರಂಗವನ್ನು ಬೇಟೆಯಾಡುವವರು, ಅದು ಬೆದೆಗೆ ಬರುವ ಸೆಪ್ಟೆಂಬರ್ ತಿಂಗಳಲ್ಲಿ, ಒಬ್ಬನು ಹಿಂದೆ ಮರೆಯಲ್ಲಿ ಕುಳಿತು ಗಂಡಿನ ಕೂಗನ್ನು ಅನುಕರಿಸುತ್ತಿರಲು, ಆ ಕೂಗಿಗೆ ಕೆರಳಿ ಬಂದ ಮೃಗವನ್ನು ಮುಂದೆ ಅಡಗಿರುವ ಇನ್ನೊಬ್ಬನು ಹೊಡೆಯುವ ಕ್ರಮವನ್ನಿಟ್ಟುಕೊಂಡಿದ್ದಾರೆ. ಎರೆಬಯಲಿನಲ್ಲಾದರೋ ಅಡಗುವುದಕ್ಕೇ ಎಡೆಯಿಲ್ಲ. ಇಲ್ಲಿಯ ಮೃಗವು ಚಿಗರಿ, ಎಂದರೆ ಗ್ರಂಥಗಳ ಕೃಷ್ಣಮೃಗ. ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕೊಂಬು ತಿರುಚಿದ್ದು. ತನ್ನ ಕಣ್ಣನ್ನೂ ಕಾಲನ್ನೂ ನಂಬಿ ಬಯಲಿನಲ್ಲಿ ಬದುಕುವ ಈ ಪ್ರಾಣಿಯನ್ನು ಕುದುರೆಯ ಬೆನ್ನೇರಿ ಅಟ್ಟಿದವರೂ ದಣಿದು ಹಿಂದಿರುಗಿದುದೇ ಹೆಚ್ಚು. ಆದುದರಿಂದ ಇಲ್ಲಿ ಬೇಟೆಗೆ ಹೊರಟವನಿಗೆ ಒಬ್ಬ ಗೆಳೆಯನು ಅನಿವಾರ್ಯನಾದನು; ಆ ಗೆಳೆಯನು ಬಹಳ ವೇಳೆ ಮನುಷ್ಯನಾಗಿರಲಿಲ್ಲ.

ಈ ಸೀಮೆಯಲ್ಲಿ ಹರಣಶಿಕಾರಿಗಳೆಂದೂ ಅಡವಿಚಿಂಚರೆಂದೂ, ಭೀಮೆಯಾಚೆ ಮರಾಠಿ ನಾಡಿನಲ್ಲಿ ಪಾರ್ಧಿಗಳೆಂದೂ ಹೆಸರಾದ ಜನರು, ತಮ್ಮೊಳಗೆ ಗುಜರಾತಿಗೆ ಹತ್ತಿರವಾದ ನುಡಿಯನ್ನೂ ಸಂತೆಯಲ್ಲಿ ಕನ್ನಡ ಮರಾಠಿಗಳನ್ನೂ ಆಡುತ್ತ ಊರಿಂದೂರಿಗೆ ಅಲೆಯುತ್ತಿದ್ದವರು, ಈ ವಿದ್ಯೆಯನ್ನು ಪರಾಕಾಷ್ಠೆಗೆ ಮುಟ್ಟಿಸಿದ್ದರು. ಅವರ ಸಾಧನವನ್ನು ಮಾತ್ರ ನೋಡಿದರೆ ಇದರಿಂದ ಏನಾದೀತೆಂದು ಯಾರಿಗಾದರೂ ತೋರಬೇಕು: ಒಂದು ಉದ್ದನೆಯ ಹಗ್ಗ, ಅದರುದ್ದಕ್ಕೂ ನರದಿಂದ ಹೊಸೆದು ಕಟ್ಟಿದ ಉರುಳುಗಳು, ನೆಲಕ್ಕೆ ಬಡಿಯಲು ಕೆಲವು ಗೂಟಗಳು. ಹಿಂಡು ಮೇಯುತ್ತಿರುವ ದಿಕ್ಕನ್ನು ನೋಡಿಕೊಂಡು, ಅದು ಹಾಯಬಹುದಾದ ಕಡೆ ಹಗ್ಗವನ್ನು ಹುಲ್ಲಿನಲ್ಲಿ ಹಾಸಿ, ಉರುಳುಗಳ ಬಾಯಿ ತೆರೆದಿಟ್ಟು, ಬೇಟೆಗಾರನು ದೂರ ಬಳಸಿ ಹಿಂಡಿನ ಬೆನ್ನಿಗೆ ಬರುವನು. ಬರುವಾಗ ಅವನೊಡನೆ ಪಳಗಿದ ಎತ್ತೋ ಆಕಳೋ ಇರುವುದು. ಎತ್ತು ಮೇಯುತ್ತ ಮೇಯುತ್ತ ಅಡ್ಡಡ್ಡವಾಗಿ ಸರಿಯುತ್ತದೆ. ಅದರ ಮಗ್ಗುಲಲ್ಲಿ, ಅದರ ಹೆಜ್ಜೆಗೆ ತನ್ನ ಹೆಜ್ಜೆಯನ್ನು ಕೂಡಿಸಿ, ಬೆನ್ನು ಬಾಗಿಸಿ ಇವನೂ ಸರಿಯುತ್ತಾನೆ. ಒಕ್ಕಲಿಗನ ದನವು ಚಿಗರಿಗೆ ನಿತ್ಯದ ನೆರೆ. ಅದು ತಲೆಯೆತ್ತಿ ನೋಡಿ, ಎತ್ತೆಂದು ತಿಳಿದು, ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೆ ಮೇಯತೊಡಗುವುದು. ಹಿಂಡನ್ನು ಓಡಗೊಡಬಾರದು, ನಿಲ್ಲಗೊಡಲೂ ಬಾರದು. ಈ ಎರಡರ ನಡುವಣ ಸೂಕ್ಷ್ಮದಲ್ಲಿ ವಿದ್ಯೆಯೆಲ್ಲ ಇದೆ. ಹಿಂಡು ಉರುಳುಗಳ ಸಾಲನ್ನು ಮುಟ್ಟಿತೆನ್ನುವಾಗ ಮನುಷ್ಯನು ಮರೆಯಿಂದ ಹೊರಬಿದ್ದು ಕೂಗೆಬ್ಬಿಸಿದನೆಂದರೆ, ಬೆದರಿ ನುಗ್ಗಿದ ಕಾಲುಗಳಲ್ಲಿ ಕೆಲವಾದರೂ ಸಿಕ್ಕಿಬೀಳುವುವು. ಗುಡ್ಡವಿಲ್ಲದ ನಾಡಿನಲ್ಲಿ ಎತ್ತೇ ನಡೆದಾಡುವ ಗುಡ್ಡವಾಯಿತು.

ಮುಂದೆ ಬಂದೂಕು ಹಿಡಿದು ಬಂದ ಇಂಗ್ಲಿಷ್ ಅಧಿಕಾರಿಗಳೂ ಈ ಗುಟ್ಟನ್ನು ಬೇಗನೆ ಕಲಿತರು. ಕಾಲುನಡಿಗೆಯಲ್ಲಿ ಬರುವ ದೊರೆಯನ್ನು ಕಂಡರೆ ಮಾಯವಾಗುವ ಚಿಗರಿ, ಚಕ್ಕಡಿಯ ಬದಿಯಲ್ಲಿ ನಡೆದು ಬರುವ ಅದೇ ದೊರೆಯನ್ನು ಗುಂಡಿನಳವಿಗೆ ಬರಗೊಡುತ್ತಿತ್ತು.

ಉಪಾಯವು ಹಳೆಯದು. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದ ಪಂಪನು ಖಾಂಡವದಹನಕ್ಕೆ ಮುನ್ನ ಕೃಷ್ಣಾರ್ಜುನರೆಂಬ ಪರಮಮಿತ್ರರಿಬ್ಬರನ್ನೂ ಕೂಡಿಸಿ ಬೇಟೆಗೆ ಕಳುಹಿಸುತ್ತಾನೆ. ಆ ನೆವದಲ್ಲಿ ತನ್ನ ಕಾಲದ ಬೇಟೆಯ ಬಗೆಗಳನ್ನು ಬಲ್ಲವನಂತೆ ಬಣ್ಣಿಸುತ್ತ, ಪಳಗಿಸಿದ ಮೃಗವನ್ನು ಮುಂದೊಡ್ಡಿ ಕಾಡಿನ ಮೃಗವನ್ನು ಸೆಳೆಯುವ ದೀವದ ಬೇಟೆಯನ್ನೂ ಹೇಳುತ್ತಾನೆ. ಆದರೆ ಬೇಟೆಯನ್ನು ಶಾಸ್ತ್ರವೆಂದೇ ಬಗೆದು ಬರೆದಿಟ್ಟವನು 1126ರಿಂದ 1138ರ ವರೆಗೆ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ. ಅವನ ವಂಶಕ್ಕೆ ಮತ್ತೆ ಸಿಂಹಾಸನವನ್ನು ಗಳಿಸಿಕೊಟ್ಟ ತೈಲಪನು ರಾಷ್ಟ್ರಕೂಟರ ಸಾಮಂತನಾಗಿ ಆಳುತ್ತಿದ್ದುದು ವಿಜಯಪುರದ ಸುತ್ತಣ ತರ್ದವಾಡಿ ಸಾಸಿರವನ್ನೇ ಆದುದರಿಂದ, ಸೋಮೇಶ್ವರನ ಮಾನಸೋಲ್ಲಾಸವನ್ನು ಈ ಬಯಲಿನ ಮಗನ ಪುಸ್ತಕವೆಂದರೆ ಅತಿಶಯೋಕ್ತಿಯಾಗಲಾರದು. ನೂರು ಅಧ್ಯಾಯಗಳ ಆ ಸಂಸ್ಕೃತ ಗ್ರಂಥದಲ್ಲಿ ಅಡುಗೆ, ಸಂಗೀತ, ಆನೆಯ ಚಿಕಿತ್ಸೆಗಳೊಡನೆ ಬೇಟೆಯೂ ರಾಜನ ವಿನೋದಗಳಲ್ಲೊಂದಾಗಿ ಸ್ಥಾನ ಪಡೆದಿದೆ. ನಮ್ಮ ದೇಶದಲ್ಲಿ ಚೀತಾವನ್ನು ಪಳಗಿಸಿ ಜಿಂಕೆಯ ಮೇಲೆ ಬಿಡುವ ಪದ್ಧತಿಗೆ ದೊರೆಯುವ ಅತ್ಯಂತ ಹಳೆಯ ಲಿಖಿತ ಆಧಾರಗಳಲ್ಲಿ ಅದು ಒಂದು.

ಈ ಚೀತಾ ಎಂಬ ಗೆಳೆಯನದು ಮಾತ್ರ ಅರಸು ಸ್ವಭಾವ. ಸಾಕುವ ಖರ್ಚು ಅರಮನೆಗಲ್ಲದೆ ಬೇರೆಯವರಿಗೆ ನಿಲುಕದು. ಬೇಟೆಯ ದಿನ ಅದನ್ನು ಕಣ್ಣಿಗೆ ಟೊಪ್ಪಿಗೆ ಕಟ್ಟಿ ಚಕ್ಕಡಿಯ ಮೇಲೆ ಕೂರಿಸಿಕೊಂಡು ಹೊರಡುವರು. ಹಿಂಡು ಸಮೀಪಿಸಿದಾಗ ಟೊಪ್ಪಿಗೆಯನ್ನು ತೆಗೆದರೆ, ಅದು ಕೆಳಗಿಳಿದು, ಕೆಲವು ನಿಮಿಷ ಹೊಂಚಿ, ಬಾಣದ ವೇಗದಿಂದ ನುಗ್ಗಿ, ಒಂದೇ ಓಟದಲ್ಲಿ ಹಿಡಿಯುವುದು ಇಲ್ಲವೆ ಬಿಟ್ಟು ಕೂರುವುದು. ಹಿಡಿದ ಚಿಗರಿಯ ಕುತ್ತಿಗೆಯಿಂದ ಅದರ ದವಡೆಯನ್ನು ಬಿಡಿಸುವುದಕ್ಕೆ, ಬಿಸಿ ನೆತ್ತರನ್ನು ಮರದ ಸಟ್ಟುಗದಲ್ಲಿ ಹಿಡಿದು ಮೂಗಿನ ಹತ್ತಿರ ಒಡ್ಡುತ್ತಿದ್ದರು. ಇಲ್ಲಿಯೂ ಬಂಡಿಯನ್ನೆಳೆದ ಎತ್ತುಗಳೇ ಬೇಟೆಯನ್ನು ಸಾಧ್ಯಗೊಳಿಸಿದುವೆಂಬುದನ್ನು ವರ್ಣನಕಾರರು ಬಹುಶಃ ಅರಮನೆಯ ಮರ್ಯಾದೆಗಾಗಿ ಒತ್ತಿ ಹೇಳುವುದಿಲ್ಲ. ನೆರೆಯ ಕೊಲ್ಲಾಪುರದ ಛತ್ರಪತಿಗಳು ಇಪ್ಪತ್ತನೆಯ ಶತಮಾನದಲ್ಲಿಯೂ ಈ ವಿನೋದವನ್ನು ಬಿಡಲಿಲ್ಲ. ದೇಶದ ಚೀತಾಗಳು ಸಿಕ್ಕದಂತಾದ ಮೇಲೆ ಆಫ್ರಿಕದಿಂದ ಹಡಗಿನಲ್ಲಿ ತರಿಸಿಕೊಂಡರು.

ಬಡವನ ಗೆಳೆಯನು ನಾಯಿ. ಕನ್ನಡ ನಾಡಿನಲ್ಲಿ ನಾಯಿಯ ಕೀರ್ತಿಯು ಕಲ್ಲಿನ ಮೇಲೆ ನಿಂತಿರುವುದಕ್ಕೆ ಮಂಡ್ಯ ಸೀಮೆಯ ಆತಕೂರಿನ ಶಾಸನವೇ ಸಾಕ್ಷಿ. ರಾಷ್ಟ್ರಕೂಟರು ಚೋಳರೊಡನೆ ಕಾದಿದ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೇರನಿಗೆ, ಬೇಕಾದುದನ್ನು ಕೇಳೆಂದು ಗಂಗರ ಬೂತುಗನು ಹೇಳಿದಾಗ, ಆ ವೀರನು ಬೇಡಿದುದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲು ನಾಯಿಯೂ ಹಂದಿಯೂ ಹೋರಾಡಿ ಸತ್ತುವು. ಒಡೆಯನು ಕಲ್ಲು ನೆಡಿಸಿ, ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವನು ಉಣ್ಣಬಾರದೆಂದು ಕಟ್ಟಳೆ ಮಾಡಿದನು. ಕ್ರಿ.ಶ. 949–50ರ ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಯಾರಾದರೂ ನೋಡಬಹುದು. ಚಕ್ರವರ್ತಿಗಳ ದಿಗ್ವಿಜಯವನ್ನು ಹೇಳುವ ಕಲ್ಲೇ ಒಂದು ನಾಯಿಯ ಸಾವನ್ನೂ ಅಷ್ಟೇ ಗಾಂಭೀರ್ಯದಿಂದ ಹೇಳುತ್ತದೆ.

ನಮ್ಮ ಭಾಗದ ಬೇಟೆನಾಯಿ ಮುಧೋಳದ್ದು. ಉದ್ದನೆಯ ಮೋರೆ, ಆಳವಾದ ಎದೆ, ಬೆನ್ನಿಗೆ ಹತ್ತಿದಂತಿರುವ ಹೊಟ್ಟೆ, ಒಂದೊಂದಾಗಿ ಎಣಿಸಬಹುದಾದ ಪಕ್ಕೆಲುಬು. ಇದನ್ನು ಕಂಡ ಹೊಸಬರು ಒಡೆಯನು ಅನ್ನ ಹಾಕುವುದಿಲ್ಲವೆಂದು ಭ್ರಮಿಸುವುದುಂಟು. ವಾಸನೆಯನ್ನಲ್ಲದೆ ನೋಟವನ್ನೇ ನಂಬಿ ಓಡುವ ಈ ಜಾತಿ ಬಯಲಿಗೆಂದೇ ಹುಟ್ಟಿದುದು. ಮುಧೋಳದ ಘೋರ್ಪಡೆ ಮನೆತನದ ಮಾಲೋಜಿರಾವ್ ರಾಜರು ಇದರ ತಳಿಯನ್ನು ಕಾಪಾಡಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಕೊಟ್ಟುದು ಪ್ರಸಿದ್ಧವಾದ ವಿಷಯ. ಆದರೂ ನಾಯಿಯ ಚರಿತ್ರೆಯನ್ನು ಅರಮನೆಯ ಬಾಗಿಲಿನಿಂದ ಆರಂಭಿಸುವ ರೂಢಿ ನನಗೆ ಒಪ್ಪಿಗೆಯಿಲ್ಲ. ಸುತ್ತಣ ಬೇಡರು ಮೊಲವನ್ನೂ ಚಿಗರಿಯನ್ನೂ ಹಿಡಿಯುವುದಕ್ಕೆ ಸಾಕಿಕೊಂಡಿದ್ದ ನಾಯಿಗಳ ಮೇಲೆಯೇ ರಾಜರ ಕಣ್ಣು ಬಿದ್ದುದೆಂದು ಆ ಕಡೆಯವರೇ ಹೇಳುತ್ತಾರೆ.

ಆ ಬೇಡರ ಕೈಯಿಂದಲೇ ಆಯುಧವು ಮೊದಲು ಜಾರಿತು. 1857ರಲ್ಲಿ ಸರಕಾರವು ಅಪ್ಪಣೆಯಿಲ್ಲದೆ ಯಾರೂ ಆಯುಧವನ್ನಿಟ್ಟುಕೊಳ್ಳಕೂಡದೆಂದು ವಿಧಿಸಿದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡೆವೆಂದು ನಿಂತು, ಸುಟ್ಟ ಊರನ್ನೂ ನೇಣಿನ ಕಂಬವನ್ನೂ ಕಂಡರು. ಆ ಕಥನವು ಲಾವಣಿಯಾಗಿ, ಇಂಗ್ಲಿಷ್ ಅಧಿಕಾರಿ ಫ್ಲೀಟನ ಸಂಗ್ರಹದ ಮೂಲಕ ವಿದ್ವಾಂಸರನ್ನೂ ಮುಟ್ಟಿತು. ಹರಣಶಿಕಾರಿಗಳಿಗೆ ಒದಗಿದುದು ಇನ್ನೊಂದು ಬಗೆಯ ಬಂಧನ. 1871ರಲ್ಲಿ ಹುಟ್ಟಿ, 1911ರಲ್ಲಿ ಬಿಗಿಗೊಂಡ ಅಪರಾಧಿ ಬುಡಕಟ್ಟುಗಳ ಕಾಯಿದೆಯು, ಅಲೆಯುವುದನ್ನೇ ಕಳವಿನ ಲಕ್ಷಣವೆಂದು ಬಗೆದು, ಹಾಜರಿಯ ಪುಸ್ತಕದಲ್ಲಿ ಅವರ ಹೆಸರನ್ನು ಬರೆಯಿಸಿತು. ಸ್ಟಾರ್ಟೆ ಎಂಬ ಐ.ಸಿ.ಎಸ್. ಅಧಿಕಾರಿಯು 1910ರ ಸುಮಾರಿಗೆ ವಿಜಯಪುರದಲ್ಲಿ ಇಂಥವರನ್ನು ನೆಲೆಗೊಳಿಸಲೆಂದು ಆರಂಭಿಸಿದ ಸೆಟ್ಲಮೆಂಟುಗಳು ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಿಗೂ ಹಬ್ಬಿದುವು. ಬಯಲೆಲ್ಲ ತನ್ನದೆಂದು ತಿರುಗುತ್ತಿದ್ದ ಬೇಟೆಗಾರನು ಗಿರಣಿಯ ಸೀಟಿಗೆ ಎದ್ದು ಸಂಜೆಗೆ ತಂತಿಯೊಳಗೆ ಹಿಂದಿರುಗುವವನಾದನು. ಎತ್ತಿಗೆ ಅಲ್ಲಿ ಕೆಲಸವಿರಲಿಲ್ಲ. ಅಧಿಕಾರಿಯ ಉದ್ದೇಶದಲ್ಲಿ ಕರುಣೆಯಿದ್ದಿರಬಹುದು, ಶಾಲೆಯೂ ಕೂಲಿಯೂ ದೊರೆತುದು ನಿಜ. ಆದರೆ ಹುಟ್ಟಿನಿಂದಲೇ ಒಬ್ಬನನ್ನು ಅಪರಾಧಿಯೆಂದು ಬರೆದಿಟ್ಟ ಕಾಯಿದೆಯನ್ನು ಯಾವ ಕರುಣೆಯೂ ತೊಳೆಯಲಾರದು.

ಮುಂಬಯಿ ಪ್ರಾಂತದಲ್ಲಿ ಆ ಕಾಯಿದೆ 1949ರಲ್ಲಿ ರದ್ದಾಯಿತು, ದೇಶದಲ್ಲೆಲ್ಲ 1952ರಲ್ಲಿ. ಅದೇ 1952ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತೆಂದು ಸರಕಾರ ಸಾರಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಚಿಗರಿಯ ಬೇಟೆಯನ್ನೇ ನಿಲ್ಲಿಸಿತು. ಹಳೆಯ ಗೆಳೆಯರಲ್ಲಿ ನಾಯಿಗೆ ಸರಕಾರದ ಆದರ ದೊರೆಯಿತು: 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಹೊರಟಿತು, ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವಾಯಿತು, 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೆಂದು ಮೀರತ್ತಿಗೆ ಹೋದುವು. ಚಿಗರಿಯ ಹಿಂಡುಗಳು ಈ ಭಾಗದ ಬಯಲುಗಳಲ್ಲಿ ಈಗಲೂ ಉಂಟು; ಕಡಲೆ ಚಿಗುರುವ ಕಾಲಕ್ಕೆ ಹೊಲಕ್ಕಿಳಿಯುತ್ತವೆ, ಒಕ್ಕಲಿಗನು ಡಬ್ಬಿ ಬಡಿದು ಓಡಿಸುತ್ತಾನೆ, ಬೆಳೆ ಹೋದುದಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಬರೆಯುತ್ತಾನೆ.